ಎ ಸೈಡಿನ ಕೊನೆಯ ಹಾಡು

ಹಡಗಿನಲ್ಲಿ ಅಡಿಗೆ ಮಾಡುವ ಕೊಗ್ಗಣ್ಣ
ಕುಂಬಳೆ ಪೇಟೆಯ ನಮ್ಮ ಟೈಲರಂಗಡಿಗೆ
ಪ್ಯಾಂಟಿನ ಸೊಂಟ ಬಿಡಿಸಲು ಬಂದವ
ಮಜೂರಿಯ ಬದಲು
ಒಂದು ಕ್ಯಾಸೆಟ್ ಇಟ್ಟು ಹೋದ.

ಹಳದಿ ಕವರು. ಗರಿ ಕಟ್ಟಿಕೊಂಡ ಹೆಂಗಸು.
ಹದಿನಾರು ಹಾಡು, ಹದಿನಾರು ಗಂಟಲು.
ಸೋಕಾ, ಎಂದ.
ಶೋಕವಾ? ಎಂದಳು ಕಾಜ ಹಾಕುವ ನೆಬಿಸಾ.
ಅಲ್ಲ ಮಾರಾಯ್ತಿ, ಶೋಕಿ ಇರಬೇಕು, ಎಂದೆ ನಾನು.
ಕೊಗ್ಗಣ್ಣ ತಲೆ ಕೆರೆದುಕೊಂಡ:
ಟ್ರಿನಿಡಾಡ್ ಅಂತ ಒಂದು ದ್ವೀಪ ಉಂಟು,
ಬಂದರಿನಲ್ಲಿ ಮೂರು ದಿನ ನಿಂತಿದ್ದೆವು,
ಇದು ಕೇಳಿದರೆ ಅಲ್ಲಿ ಊರೇ ರಸ್ತೆಗಿಳಿಯುತ್ತದೆ.

ಹಾಕಿದೆವು.
ಮೊದಲನೆಯದು ಆರುವ ಮೊದಲೇ ಎರಡನೆಯದು ಹತ್ತಿಕೊಂಡಿತು,
ನಡುವೆ ಉಸಿರಿನಷ್ಟೂ ತೆರಪಿಲ್ಲ.
ಶೋಕವೋ ಶೋಕಿಯೋ,
ಸೋಕಿದ್ದಂತೂ ಮೊದಲು ಕಾಲಿಗೆ.
ನಾಲ್ಕು ಪೆಡಲುಗಳು ಹೇಳದೆ ಕೇಳದೆ ಒಂದಾದವು.
ಶಾಲೆ ತೆರೆಯುವ ಮೊದಲಿನ ಆ ವಾರ
ಇನ್ನೂರ ಹನ್ನೊಂದು ಯೂನಿಫಾರ್ಮು ಹೊಲಿದದ್ದು
ನಾವಲ್ಲ.

ಅರ್ಥ ಕೇಳಿದವರಿಲ್ಲ.
ಮನೆಯಲ್ಲಿ ತುಳು, ರೇಶನಂಗಡಿಯಲ್ಲಿ ಮಲಯಾಳ,
ಅಳತೆ ಪುಸ್ತಕದಲ್ಲಿ ಕನ್ನಡ,
ನೆಬಿಸಾಳ ಬೈಗಳು ಬ್ಯಾರಿಯಲ್ಲಿ.
ಬೋರ್ಡು ಓದಲಾಗದೆ ಬಣ್ಣ ನೋಡಿ ಬಸ್ಸು ಹತ್ತುವವರು ನಾವು,
ತಿಳಿಯದ್ದಕ್ಕೆ ತಲೆಯಾಡಿಸುವುದು ಹೊಸತೇ?

ಬಿ ಸೈಡಿಗೆ ತಿರುಗಿಸಿದರೆ
ಒಂಬತ್ತನೆಯದರಲ್ಲಿ ಢೋಲಕ್ಕು!
ಜನಜಂಗುಳಿಯಲ್ಲಿ ಗೊತ್ತಿದ್ದವರು ಬೆನ್ನು ಮುಟ್ಟಿದ ಹಾಗೆ.
ಕಬ್ಬು ಕಡಿಯಲು ಹಡಗು ಹತ್ತಿದವರ ಮೊಮ್ಮಕ್ಕಳದ್ದಂತೆ,
ಆ ನಮೂನೆಗೆ ಅಲ್ಲಿ ಚಟ್ನಿ ಎಂದೇ ಹೆಸರಂತೆ.
ನಕ್ಕೂ ನಕ್ಕೂ ನೆಬಿಸಾ ಸೂಜಿಯ ಕಣ್ಣು ತಪ್ಪಿಸಿದಳು.
ಅಷ್ಟರಲ್ಲಿ ಹತ್ತನೆಯದು ಬಂದು
ಅವರನ್ನು ಬದಿಗೆ ತಳ್ಳಿ ಹೋಯಿತು.
ಒಂದೇ ಒಂದು. ಇನ್ನಷ್ಟು ಇದ್ದಿರಬೇಕಲ್ಲ?

ಹಾಗೆ ನೋಡಿದರೆ ಅದರಲ್ಲಿ ಇಲ್ಲದ್ದೇ ಬಹಳ.
ಆ ಹದಿನಾರರಲ್ಲಿ ಒಬ್ಬರೂ ಕುಳಿತುಕೊಳ್ಳುವುದಿಲ್ಲ,
ಯಾರ ಚಪ್ಪಲಿಯೂ ಕಿತ್ತುಹೋಗುವುದಿಲ್ಲ,
ಕೈಯಲ್ಲಿ ಹಿಡಿದು ಯಾರೂ ಮನೆಗೆ ನಡೆಯುವುದಿಲ್ಲ.
ಗುಡ್ಡಗಳ ನೆತ್ತಿಯನ್ನಷ್ಟೇ ಕೊಯ್ದು
ಸಾಲಾಗಿ ಇಟ್ಟುಕೊಟ್ಟಿದ್ದಾರೆ;
ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ.
ಅಲ್ಲಿಯವರು ವರ್ಷ ವರ್ಷ ಹೊಸತು ಕಟ್ಟಿ
ಹಳತನ್ನು ಬೀದಿಯ ಕಾಗದದ ಜೊತೆ ಗುಡಿಸುತ್ತಾರಂತೆ.
ಅವರು ಮರೆತ ಒಂದು ವರ್ಷವನ್ನು
ನಾವು ಇಲ್ಲಿ ಹನ್ನೊಂದು ವರ್ಷ ತುಳಿದೆವು.

ಎ ಸೈಡಿನ ಕೊನೆಯದು
ಟೇಪು ಸಾಲದೆ ಅರ್ಧಕ್ಕೆ ನಿಲ್ಲುತ್ತಿತ್ತು.
ಹೆಂಗಸೊಬ್ಬಳು ಉಸಿರೆಳೆದುಕೊಂಡು
ಇನ್ನೇನು ಹೇಳಬೇಕು,
ಟಕ್.
ಎಂತ ಹೇಳುತ್ತಿದ್ದಳೋ? ಪಂಥ ಕಟ್ಟಿದೆವು.
ಗಂಡನಿಗೆ ಬೈಗಳು, ಎಂದಳು ನೆಬಿಸಾ.
ಕಡೇ ಬಸ್ಸು ತಪ್ಪಿತೆಂದು, ಎಂದಳು ಸುಗುಣಾಕ್ಷಿ.
ನಾನು ಸುಮ್ಮನಿದ್ದೆ.
ಎದ್ದು ತಿರುಗಿಸಿ ಹಾಕುವ ಕೆಲಸ ನನ್ನದು;
ಆ ತೆರಪಿನಲ್ಲಷ್ಟೇ ಪೇಟೆ ಒಳಗೆ ಬರುತ್ತಿತ್ತು:
ಮೀನಿನವನ ಹಾರ್ನು,
ರೈಲು ಸ್ಟೇಶನ್ನು ಬಿಟ್ಟದ್ದು,
ಪಕ್ಕದ ಹೋಟೆಲಿನಲ್ಲಿ ಗ್ಲಾಸು ತೊಳೆಯುವುದು.

ಟೇಪನ್ನು ಯಂತ್ರ ತಿಂದು ಎಷ್ಟೋ ಕಾಲವಾಯಿತು.
ಮೊನ್ನೆ ನೆಬಿಸಾಳ ಮಗಳು
ಚೂಡಿದಾರಿನ ಅಳತೆಗೆ ಬಂದವಳು
ನನ್ನ ಗುನುಗು ಕೇಳಿ ಫೋನಿನಲ್ಲಿ ಹುಡುಕಿ ತೆಗೆದಳು
ಆ ಹಾಡು, ಪೂರ್ತಿ.
ಇನ್ನೂ ನಾಲ್ಕು ನಿಮಿಷ ಉಂಟು ಅದು!
ಉಸಿರೆಳೆದ ಹೆಂಗಸು ಏನೂ ಹೇಳಲಿಲ್ಲ,
ನಕ್ಕಳು, ಅಷ್ಟೆ.
ಆಮೇಲೆ ತಾಳ ನಿಧಾನಕ್ಕೆ ಇಳಿಯಿತು,
ಒಂದು ಕಹಳೆ ಶ್ರುತಿ ತಪ್ಪಿತು,
ಯಾರೋ ದಣಿದ ಸ್ವರದಲ್ಲಿ ಹೆಸರುಗಳನ್ನು ಕರೆದರು,
ಬೀದಿಗಳದ್ದೋ, ಸತ್ತವರದ್ದೋ.
ಚೆನ್ನಾಗಿತ್ತು.

ಆದರೆ ನನ್ನ ಕಾಲು
ಆ ಉಸಿರಿನ ಹತ್ತಿರ ಬಂದು ನಿಂತುಬಿಟ್ಟಿತ್ತು,
ಕೈ ತಾನಾಗಿ ಎದ್ದು
ಖಾಲಿ ಹಲಗೆಯ ಕಡೆ ಹೋಗಿತ್ತು,
ತಿರುಗಿಸಿ ಹಾಕಲು.